ವಿಮಾನದ ಮೀಟರ್ ಮುಳ್ಳು ನಡುಗಿದರೆ ಅಪಾಯವೇ? ಅದಕ್ಕೆ ಮೊಬೈಲ್ ಕಾರಣವೇ?

ಬಾಗಲೂರು, ಜಕ್ಕೂರು, ಯಲಹಂಕದ ಕಡೆ ಇರುವವರಿಗೆ ವಿಮಾನ ಹೊಸದೇನಲ್ಲ. ಒಂದು ಕಡೆ 2008ರಲ್ಲಿ ಶುರುವಾದ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಇನ್ನೊಂದು ಕಡೆ ವಾಯುಪಡೆಯ ಯಲಹಂಕ ನೆಲೆ ಇದೆ, ಏರೋ ಇಂಡಿಯಾ ನಡೆಯುವುದು ಅಲ್ಲೇ. ಹೆಬ್ಬಾಳದ ಕಡೆ ಹೋದರೆ ಜಕ್ಕೂರಿನ ಏರೋಡ್ರೋಮ್, ಅಲ್ಲಿ ರಾಜ್ಯ ಸರ್ಕಾರದ ಹಾರಾಟ ತರಬೇತಿ ಶಾಲೆ. ದೊಡ್ಡ ವಿಮಾನ, ಯುದ್ಧ ವಿಮಾನ, ಎರಡು ಸೀಟಿನ ಪುಟ್ಟ ವಿಮಾನ, ಎಲ್ಲವನ್ನೂ ಮನೆಯ ಟೆರೇಸ್ ಮೇಲಿಂದಲೇ ನೋಡಬಹುದು.

ವಿಮಾನದ ಬಗ್ಗೆ ಫಾರ್ವರ್ಡ್‌ಗಳಿಗೂ ಬರವಿಲ್ಲ. ಸಣ್ಣ ವಿಮಾನದ ಒಳಗೆ ಮೀಟರ್‌ನ ಮುಳ್ಳು ಗಡಗಡ ನಡುಗುತ್ತಿರುವ ವಿಡಿಯೊ, ಅದರ ಕೆಳಗೆ ‘ಯಾರೋ ಒಬ್ಬರು ಫೋನ್ ಆಫ್ ಮಾಡಿರಲಿಲ್ಲ, ನೋಡಿ ಏನಾಯ್ತು’ ಎಂಬ ಥರದ ಒಂದು ಸಾಲು. ಇಂಥವು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಸುತ್ತುತ್ತವೆ. ಮುಳ್ಳು ಯಾಕೆ ನಡುಗುತ್ತದೆ? ನಡುಗಿದರೆ ವಿಮಾನ ಬೀಳುತ್ತದೆಯೇ? ಫೋನಿಗೂ ಇದಕ್ಕೂ ಸಂಬಂಧ ಇದೆಯೇ? ಒಂದೊಂದಾಗಿ ನೋಡೋಣ.

ಒಂದೇ ನೋಟದಲ್ಲಿ

• ಸಣ್ಣ ವಿಮಾನದಲ್ಲಿ ಮೀಟರ್ ರೀಡಿಂಗ್ ನಡುಗಲು ಸಾಮಾನ್ಯ ಕಾರಣಗಳು ಲೂಸ್ ಕನೆಕ್ಷನ್, ಕೆಟ್ಟ ಅರ್ತ್, ಹಾಳಾದ ಸೆನ್ಸರ್ ಅಥವಾ ಗಾಳಿಯ ಪೈಪಿನಲ್ಲಿ ಸೇರಿಕೊಂಡ ನೀರು. ಮೊಬೈಲ್ ಈ ಪಟ್ಟಿಯಲ್ಲಿ ಬಹಳ ಕೆಳಗೆ ಬರುತ್ತದೆ.
• ಎಷ್ಟು ಮುಳ್ಳುಗಳು ನಡುಗುತ್ತಿವೆ, ಯಾವಾಗ ನಡುಗುತ್ತಿವೆ ಎಂಬುದನ್ನು ಗಮನಿಸಿದರೆ ಅರ್ಧ ಉತ್ತರ ಸಿಕ್ಕಂತೆ.
• ನಡುಗುವ ಮುಳ್ಳಿಗಿಂತ, ಸ್ವಲ್ಪವೂ ಅಲುಗದೆ ತಪ್ಪು ತೋರಿಸುವ ಮುಳ್ಳು ಹೆಚ್ಚು ಅಪಾಯಕಾರಿ. ಜೀವಗಳು ಹೋಗಿರುವುದು ಅಂಥ ಮುಳ್ಳನ್ನು ನಂಬಿ.
• ಹಾಗೆಂದು ಫ್ಲೈಟ್ ಮೋಡ್ ಬೇಡ ಎಂದಲ್ಲ. ಆ ನಿಯಮಕ್ಕೆ ಕಾರಣ ಇದೆ. ಕೆಳಗೆ ವಿವರಿಸಿದ್ದೇವೆ.

ಪೈಲಟ್ ಮುಂದೆ ಇರುವ ಮೀಟರ್‌ಗಳು ಎಷ್ಟು ಬಗೆ?

ಹೊರಗಿನಿಂದ ಎಲ್ಲ ಮೀಟರ್‌ಗಳೂ ಒಂದೇ ಥರ ಕಾಣುತ್ತವೆ. ಒಳಗೆ ಅವು ಬೇರೆ ಬೇರೆ ಕುಟುಂಬಗಳಿಗೆ ಸೇರಿದವು.

ಮೊದಲನೆಯದು ಗಾಳಿಯ ಒತ್ತಡದಿಂದ ಕೆಲಸ ಮಾಡುವವು. ವೇಗ ತೋರಿಸುವ ಮೀಟರ್, ಎತ್ತರ ತೋರಿಸುವ ಆಲ್ಟಿಮೀಟರ್, ವಿಮಾನ ಎಷ್ಟು ಬೇಗ ಏರುತ್ತಿದೆ ಅಥವಾ ಇಳಿಯುತ್ತಿದೆ ಎಂದು ತೋರಿಸುವ ಮೀಟರ್ ಈ ಗುಂಪಿಗೆ ಸೇರುತ್ತವೆ. ಹಳೆಯ ಮಾದರಿಗಳಲ್ಲಿ ಇವಕ್ಕೆ ಕರೆಂಟೇ ಬೇಕಿಲ್ಲ.

ಎರಡನೆಯದು ಬುಗುರಿಯಂತೆ ಒಳಗೆ ವೇಗವಾಗಿ ತಿರುಗುವ ಚಕ್ರವಿರುವವು. ಇವನ್ನು ಜೈರೋ ಎನ್ನುತ್ತಾರೆ. ವಿಮಾನ ಎಡಕ್ಕೆ ವಾಲಿದೆಯೇ ಬಲಕ್ಕೆ ವಾಲಿದೆಯೇ, ಮೂಗು ಮೇಲಿದೆಯೇ ಕೆಳಗಿದೆಯೇ ಎಂದು ಹೇಳುವುದು ಇವುಗಳ ಕೆಲಸ. ಹಳೆಯ ವಿಮಾನಗಳಲ್ಲಿ ಎಂಜಿನ್‌ಗೆ ಜೋಡಿಸಿದ ಪಂಪ್ ಗಾಳಿ ಎಳೆದು ಈ ಚಕ್ರಗಳನ್ನು ತಿರುಗಿಸುತ್ತದೆ.

ಮೂರನೆಯದು ವಿದ್ಯುತ್ ಮೀಟರ್‌ಗಳು. ಆಯಿಲ್ ಒತ್ತಡ, ಆಯಿಲ್ ತಾಪಮಾನ, ಎಂಜಿನ್ ತಾಪಮಾನ, ಇಂಧನದ ಮಟ್ಟ, ಬ್ಯಾಟರಿ ವೋಲ್ಟೇಜ್. ನಿಮ್ಮ ಬೈಕು, ಕಾರಿನಲ್ಲಿ ಇರುವ ಮೀಟರ್‌ಗಳ ಹತ್ತಿರದ ಸಂಬಂಧಿಗಳಿವು.

ಇವೆಲ್ಲದರ ಜೊತೆಗೆ ಒಂಟಿಯಾಗಿ ಕುಳಿತಿರುವುದು ದಿಕ್ಸೂಚಿ. ಅದಕ್ಕೆ ಪಂಪೂ ಬೇಡ, ಕರೆಂಟೂ ಬೇಡ, ಒಂದು ಅಯಸ್ಕಾಂತ ಸಾಕು.

ಹೊಸ ವಿಮಾನಗಳಲ್ಲಿ ಮುಳ್ಳುಗಳ ಬದಲು ಟಿವಿಯಂಥ ಪರದೆ ಇರುತ್ತದೆ. ಆದರೂ ಹಿಂದೆ ಸೆನ್ಸರ್, ವೈರ್, ಪೈಪ್ ಇದ್ದೇ ಇರುತ್ತವೆ. ಹಾಗಾಗಿ ಮುಂದೆ ಹೇಳುವ ಹೆಚ್ಚಿನ ಮಾತುಗಳು ಪರದೆಗೂ ಅನ್ವಯಿಸುತ್ತವೆ. ಮುಳ್ಳು ನಡುಗುವ ಬದಲು ಅಂಕಿಗಳು ಜಿಗಿಯುತ್ತವೆ, ಅಷ್ಟೇ.

ಮೊದಲ ಪ್ರಶ್ನೆ: ನಡುಗುತ್ತಿರುವುದು ಒಂದೇ ಮುಳ್ಳೋ, ಹಲವೋ?

ಅನುಭವಿ ಎಂಜಿನಿಯರ್ ಸ್ಪ್ಯಾನರ್ ಹಿಡಿಯುವ ಮೊದಲು ಕೇಳುವುದು ಇದನ್ನೇ.

ಒಂದೇ ಒಂದು ಮೀಟರ್ ನಡುಗುತ್ತಿದ್ದು ಉಳಿದವೆಲ್ಲ ಸರಿಯಾಗಿದ್ದರೆ, ತೊಂದರೆ ಆ ಮೀಟರ್‌ನಲ್ಲೋ, ಅದರ ಸೆನ್ಸರ್‌ನಲ್ಲೋ, ಎರಡನ್ನೂ ಸೇರಿಸುವ ವೈರ್‌ನಲ್ಲೋ ಇರಬೇಕು. ಒಂದೇ ಕುಟುಂಬದ ಹಲವು ಮೀಟರ್‌ಗಳು ಒಟ್ಟಿಗೆ ನಡುಗಿದರೆ, ಅವೆಲ್ಲಕ್ಕೂ ಸಮಾನವಾಗಿರುವ ಯಾವುದೋ ಒಂದು ಕೆಟ್ಟಿದೆ. ಬೀದಿಯಲ್ಲಿ ನಿಮ್ಮ ಮನೆಯ ಲೈಟ್ ಮಾತ್ರ ಮಿಣುಕುತ್ತಿದ್ದರೆ ನಿಮ್ಮ ವೈರಿಂಗ್ ನೋಡಬೇಕು. ಬೀದಿಯೆಲ್ಲ ಮಿಣುಕುತ್ತಿದ್ದರೆ ಟ್ರಾನ್ಸ್‌ಫಾರ್ಮರ್ ನೋಡಬೇಕು. ಇಲ್ಲಿಯೂ ಅದೇ ಲೆಕ್ಕ.

ಎರಡನೆಯ ಪ್ರಶ್ನೆ ಯಾವಾಗ ಎಂಬುದು. ಎಂಜಿನ್ ವೇಗ ಹೆಚ್ಚಿಸಿದಾಗಲೇ? ಲ್ಯಾಂಡಿಂಗ್ ಲೈಟ್ ಹಾಕಿದಾಗಲೇ? ರೇಡಿಯೊದಲ್ಲಿ ಮಾತನಾಡುವಾಗಲೇ? ಮಳೆ ಬಂದ ಮಾರನೆಯ ದಿನವೇ? ಈ ಪ್ರತಿ ಉತ್ತರವೂ ಬೇರೆ ಬೇರೆ ಜಾಗಕ್ಕೆ ಬೆರಳು ತೋರಿಸುತ್ತದೆ.

ಇನ್ನೊಂದು ಮಾತು. ಕೆಲವು ಅಲುಗಾಟ ಸಹಜ. ಗಾಳಿ ಜೋರಾಗಿ ಬೀಸುವ ಮಧ್ಯಾಹ್ನ ಸಣ್ಣ ವಿಮಾನ ಕುಲುಕಿದಾಗ ವೇಗದ ಮುಳ್ಳು ಕುಣಿಯುತ್ತದೆ. ಟ್ಯಾಂಕಿನಲ್ಲಿ ಇಂಧನ ತುಳುಕಿದರೆ ಅದರ ಮುಳ್ಳು ತೂಗುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್‌ನ ಪೆಟ್ರೋಲ್ ಮುಳ್ಳು ಆಡುವುದಿಲ್ಲವೇ, ಹಾಗೆ. ಅದನ್ನು ಕೆಟ್ಟಿದೆ ಎನ್ನಲಾಗದು.

ವಿದ್ಯುತ್ ಮೀಟರ್‌ಗಳು: ಹೆಚ್ಚಿನ ಸಲ ಅರ್ತ್‌ನದೇ ತಕರಾರು

ಸೆನ್ಸರ್‌ಗಳ ಕೆಲಸ ಸರಳ. ಬಿಸಿ ಅಥವಾ ಒತ್ತಡ ಬದಲಾದಂತೆ ಅವುಗಳ ವಿದ್ಯುತ್ ತಡೆ ಬದಲಾಗುತ್ತದೆ. ಮೀಟರ್ ಆ ಬದಲಾವಣೆಯನ್ನು ಅಳೆದು ಡಿಗ್ರಿ ಅಥವಾ ಒತ್ತಡವಾಗಿ ತೋರಿಸುತ್ತದೆ. ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದ ಒಂದು ನಟ್ ಇದ್ದು ಅದೂ ಸ್ವಲ್ಪ ತಡೆ ಸೇರಿಸಿದರೆ, ಮೀಟರ್‌ಗೆ ಅದು ಗೊತ್ತಾಗುವುದಿಲ್ಲ. ತುಕ್ಕಿನ ತಡೆಯನ್ನೂ ಬಿಸಿಯ ಲೆಕ್ಕಕ್ಕೇ ಸೇರಿಸಿ ತೋರಿಸುತ್ತದೆ. ನಟ್ ಲೂಸ್ ಆಗಿದ್ದರೆ ಎಂಜಿನ್ ಅದುರಿದಂತೆಲ್ಲ ತಡೆ ಬದಲಾಗುತ್ತದೆ, ಮುಳ್ಳು ಕುಣಿಯುತ್ತದೆ.

ಕರೆಂಟ್ ಹೋದರೆ ಸಾಲದು, ವಾಪಸ್ ಬರಲೂ ದಾರಿ ಬೇಕು. ಅಲ್ಯೂಮಿನಿಯಂ ಮೈಯ ವಿಮಾನದಲ್ಲಿ ಆ ವಾಪಸ್ ದಾರಿ ವಿಮಾನದ ಮೈಯೇ. ನಮ್ಮ ಬೈಕುಗಳಲ್ಲಿ ಚಾಸಿಸ್ಸೇ ಅರ್ತ್ ಆಗುವಂತೆ.

ಇಲ್ಲಿ ನಮ್ಮೂರಿನ ಒಂದು ವಿಮಾನ ನೆನಪಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರೂಪಿಸಿದ ‘ಹಂಸ’. ಎರಡು ಸೀಟಿನ ತರಬೇತಿ ವಿಮಾನ. ಇದರ ಮೂಲ ಮಾದರಿ ಮೊದಲು ಹಾರಿದ್ದು 1993ರಲ್ಲಿ. ‘ಹಂಸ-3’ಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ಪ್ರಮಾಣಪತ್ರ ಸಿಕ್ಕಿದ್ದು 2000ದಲ್ಲಿ. ದೇಶದ ಹಲವು ಫ್ಲೈಯಿಂಗ್ ಕ್ಲಬ್‌ಗಳಿಗೆ ಅದು ಹೋಯಿತು. ಗಾಜಿನಂಥ ಪರದೆಗಳಿರುವ ಹೊಸ ಮಾದರಿ ‘ಹಂಸ-ಎನ್‌ಜಿ’ 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲೇ ಮೊದಲ ಬಾರಿಗೆ ಹಾರಿತು.

ಹಂಸದ ಮೈ ಲೋಹದ್ದಲ್ಲ. ನಾರು ಮತ್ತು ರಾಳ ಸೇರಿಸಿ ಮಾಡಿದ ಹಗುರ ವಸ್ತು ಅದು. ತೂಕ ಕಡಿಮೆ, ತುಕ್ಕಿನ ಕಾಟವಿಲ್ಲ. ಆದರೆ ಇಂಥ ಮೈಯನ್ನು ಕರೆಂಟಿನ ವಾಪಸ್ ದಾರಿಯಾಗಿ ಬಳಸಲಾಗದು. ಹಾಗಾಗಿ ಈ ಬಗೆಯ ವಿಮಾನಗಳಲ್ಲಿ ಅರ್ತ್‌ಗೆಂದೇ ಬೇರೆ ವೈರ್ ಎಳೆದು ಒಂದು ಕಡೆ ಕೂಡಿಸಬೇಕಾಗುತ್ತದೆ. ಆ ಕೂಡುವ ಜಾಗ ಲೂಸ್ ಆದರೆ ಅಲ್ಲಿ ಸೇರುವ ಮೀಟರ್‌ಗಳೆಲ್ಲ ಒಟ್ಟಿಗೆ ಕೆಡುತ್ತವೆ. ಹಲವು ಮುಳ್ಳುಗಳು ಒಂದೇ ತಾಳಕ್ಕೆ ಕುಣಿಯುವುದು ಇದರ ಗುರುತು.

ಲೋಹದ ಮೈಯಿದ್ದರೂ ಒಂದು ದುರ್ಬಲ ಜಾಗವಿದೆ. ಅದುರುವಿಕೆ ತಡೆಯಲು ಎಂಜಿನ್ ಅನ್ನು ರಬ್ಬರ್ ಬುಷ್‌ಗಳ ಮೇಲೆ ಕೂರಿಸಿರುತ್ತಾರೆ. ರಬ್ಬರ್ ಮೂಲಕ ಕರೆಂಟ್ ಹೋಗದು. ಎಂಜಿನ್‌ನಿಂದ ಮೈಗೆ ಒಂದು ದಪ್ಪ ಅರ್ತ್ ಪಟ್ಟಿ ಇರಲೇಬೇಕು. ಅದು ಕಿತ್ತರೆ ಅಥವಾ ತುಕ್ಕು ಹಿಡಿದರೆ ಎಂಜಿನ್‌ನ ಸೆನ್ಸರ್‌ಗಳೆಲ್ಲ ಒಟ್ಟಿಗೆ ದಾರಿ ತಪ್ಪುತ್ತವೆ.

ಪತ್ತೆ ಹಚ್ಚುವುದು ಹೇಗೆ? ಇಲ್ಲಿ ಮೂರು ಪರೀಕ್ಷೆಗಳು ಉಪಯೋಗಕ್ಕೆ ಬರುತ್ತವೆ.

1. ಅದಲು ಬದಲು. ಒಂದೇ ಬಗೆಯ ಎರಡು ಸೆನ್ಸರ್ ಮತ್ತು ಎರಡು ಮೀಟರ್ ಇದ್ದರೆ ಅವುಗಳ ವೈರ್‌ಗಳನ್ನು ಅದಲು ಬದಲು ಮಾಡಿ ನೋಡುತ್ತಾರೆ. ನಡುಕ ಇನ್ನೊಂದು ಮೀಟರ್‌ಗೆ ಹೋದರೆ ತಪ್ಪು ಸೆನ್ಸರ್ ಕಡೆಯದು. ಇದ್ದಲ್ಲೇ ಉಳಿದರೆ ತಪ್ಪು ಮೀಟರ್ ಕಡೆಯದು. ಒಂದು ರೂಪಾಯಿ ಖರ್ಚಿಲ್ಲ. ಸುಮ್ಮನೆ ಹೊಸ ಮೀಟರ್ ತಂದು ಹಾಕಿ, ಅದೂ ನಡುಗಿದ ಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

2. ಕೆಲಸ ಮಾಡುವಾಗಲೇ ಅಳೆಯುವುದು. ವೈರ್ ಕಿತ್ತಿದೆಯೇ ಎಂದು ಮಲ್ಟಿಮೀಟರ್‌ನ ‘ಬೀಪ್’ ಇಟ್ಟು ನೋಡುವುದು ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ಮೋಸವಿದೆ. ಹತ್ತಾರು ಎಳೆಗಳ ವೈರ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಹಾಗಾಗಿ ಲೈಟ್, ಪಂಪ್ ಎಲ್ಲ ಆನ್ ಮಾಡಿ, ಎಂಜಿನ್ ಮೈಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಎಷ್ಟು ವೋಲ್ಟ್ ಬರುತ್ತದೆ ಎಂದು ಅಳೆಯುತ್ತಾರೆ. ಅರ್ತ್ ಚೆನ್ನಾಗಿದ್ದರೆ ಅದು ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಕಳ್ಳ ಅಲ್ಲೇ ಇದ್ದಾನೆ.

3. ಅಲುಗಾಡಿಸಿ ನೋಡುವುದು. ಎಂಜಿನ್ ನಿಲ್ಲಿಸಿ, ಕರೆಂಟ್ ಮಾತ್ರ ಕೊಟ್ಟು, ವೈರ್ ಕಟ್ಟುಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಿಸುವುದು. ಯಾವುದನ್ನು ಅಲುಗಿಸಿದಾಗ ಮುಳ್ಳು ಜಿಗಿಯುತ್ತದೋ ಅಲ್ಲಿ ಹುಡುಕಬೇಕು.

ಎಂಜಿನ್ ವೇಗ ಹೆಚ್ಚಾದಂತೆ ಹೆಡ್‌ಫೋನ್‌ನಲ್ಲಿ ‘ಕುಂಯ್’ ಎಂಬ ಸದ್ದೂ ಏರಿದರೆ, ಜೊತೆಗೆ ವೋಲ್ಟೇಜ್ ಮುಳ್ಳೂ ನಡುಗಿದರೆ, ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಅಥವಾ ಅದರ ರೆಗ್ಯುಲೇಟರ್ ಮೇಲೆ ಅನುಮಾನ ಪಡಬೇಕು.

ರೇಡಿಯೊ ಬಟನ್ ಒತ್ತಿದಾಗ ಮಾತ್ರ ಮುಳ್ಳು ಜಿಗಿದರೆ?

ಇದು ಸಣ್ಣ ವಿಮಾನಗಳಲ್ಲಿ ಸಾಮಾನ್ಯ. ಪೈಲಟ್ ಕಂಟ್ರೋಲ್ ಟವರ್ ಜೊತೆ ಮಾತನಾಡಲು ಬಟನ್ ಒತ್ತುತ್ತಾನೆ, ಇಂಧನದ ಮುಳ್ಳು ಫುಲ್‌ಗೆ ಹಾರುತ್ತದೆ. ಬಟನ್ ಬಿಟ್ಟರೆ ಮತ್ತೆ ಸ್ವಸ್ಥಾನ. ವಿಮಾನದ ಸ್ವಂತ ರೇಡಿಯೊ ಹೊರಸೂಸುವ ಅಲೆಗಳನ್ನು ಮೀಟರ್‌ನ ವೈರ್‌ಗಳೇ ಆಂಟೆನಾ ಥರ ಹಿಡಿದುಕೊಳ್ಳುವುದು ಇದಕ್ಕೆ ಕಾರಣ. ಆಂಟೆನಾದ ಕೇಬಲ್ ಅಥವಾ ಅರ್ತ್ ಸಡಿಲವಾಗಿದ್ದರೆ, ಸೆನ್ಸರ್ ವೈರ್‌ಗೆ ಜಾಲರಿಯ ಕವಚವಿಲ್ಲದಿದ್ದರೆ ಇದು ಹೆಚ್ಚು. ಆಂಟೆನಾ ಕೇಬಲ್‌ನಿಂದ ಸೆನ್ಸರ್ ವೈರ್‌ಗಳನ್ನು ದೂರ ಸರಿಸುವುದು, ಕನೆಕ್ಟರ್ ಸರಿಪಡಿಸುವುದು ಇದಕ್ಕೆ ಪರಿಹಾರ.

‘ರೇಡಿಯೊ ಅಲೆಗಳಿಂದ ಮೀಟರ್ ಕೆಡುತ್ತದೆ’ ಎಂಬ ಮಾತಿನಲ್ಲಿ ಅಷ್ಟು ನಿಜ ಇದೆ. ಆದರೆ ಆ ಅಲೆ ಹೆಚ್ಚಾಗಿ ವಿಮಾನದ ಸ್ವಂತ ರೇಡಿಯೊದ್ದು, ಪ್ರಯಾಣಿಕರ ಫೋನಿನದ್ದಲ್ಲ.

ಗಾಳಿಯ ಮೀಟರ್‌ಗಳು: ಒಂದು ಹನಿ ನೀರು ಸಾಕು

ವೇಗ ತೋರಿಸುವ ಮೀಟರ್‌ಗೆ ಎರಡು ಕಡೆಯಿಂದ ಗಾಳಿ ಬರುತ್ತದೆ. ಮುಂದಕ್ಕೆ ಬಾಯಿ ತೆರೆದ ಪಿಟೋ ಎಂಬ ಕೊಳವೆಯಿಂದ ಎದುರು ಗಾಳಿ. ಮೈಯ ಪಕ್ಕದಲ್ಲಿರುವ ಸ್ಟ್ಯಾಟಿಕ್ ಎಂಬ ಪುಟ್ಟ ರಂಧ್ರದಿಂದ ಸುತ್ತಲಿನ ಗಾಳಿ. ಎರಡರ ಒತ್ತಡದ ವ್ಯತ್ಯಾಸವೇ ವೇಗ.

ಆ ವ್ಯತ್ಯಾಸ ಎಷ್ಟು ಸಣ್ಣದು ಗೊತ್ತೇ? ಗಂಟೆಗೆ 110 ಕಿ.ಮೀ. ವೇಗದಲ್ಲಿ, ಅಂದರೆ ಸುಮಾರು 60 ನಾಟ್‌ನಲ್ಲಿ, ಅದು ಕೇವಲ 6 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಒಂದು ಸಣ್ಣ ಲೋಟದಲ್ಲಿ ನಿಂತ ನೀರಿನಷ್ಟು. ಹೀಗಿರುವಾಗ ಪೈಪಿನ ತಗ್ಗಿನಲ್ಲಿ ಕೆಲವೇ ಹನಿ ನೀರು ನಿಂತು ಆಚೆ ಈಚೆ ತೂಗಿದರೂ ವೇಗದ ಮುಳ್ಳು ಓಲಾಡುತ್ತದೆ. ಮಳೆಗಾಲದಲ್ಲಿ ಬಯಲಲ್ಲಿ ನಿಂತ ವಿಮಾನಕ್ಕೆ, ಜೋರು ನೀರು ಹಾಯಿಸಿ ತೊಳೆದ ವಿಮಾನಕ್ಕೆ ಇದು ಸಾಮಾನ್ಯ ತೊಂದರೆ. ನೀರು ಇಳಿದುಹೋಗಲು ಪೈಪಿನಲ್ಲಿ ಡ್ರೈನ್ ಇರುತ್ತದೆ. ಮೊದಲು ನೋಡಬೇಕಾದ್ದು ಅದನ್ನೇ.

ಆಲ್ಟಿಮೀಟರ್ ಕೂಡ ಅಷ್ಟೇ ಸೂಕ್ಷ್ಮ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ 1 ಹೆಕ್ಟೊಪಾಸ್ಕಲ್ ಬದಲಾದರೆ ಎತ್ತರದ ರೀಡಿಂಗ್ ಸುಮಾರು 30 ಅಡಿ ಬದಲಾಗುತ್ತದೆ. ಕಿಟಕಿ ತೆರೆದಾಗ ಎತ್ತರದ ಮುಳ್ಳು ಜಿಗಿದರೆ, ಸ್ಟ್ಯಾಟಿಕ್ ಪೈಪ್ ವಿಮಾನದ ಒಳಗೆಲ್ಲೋ ಸೋರುತ್ತಿದೆ ಎಂದು ಅರ್ಥ.

ಒಂದು ಎಚ್ಚರಿಕೆ: ಪಿಟೋ ಕೊಳವೆಗೆ ಬಾಯಿ ಇಟ್ಟು ಊದುವುದಾಗಲಿ, ಮೀಟರ್ ಜೋಡಿಸಿದ್ದಾಗಲೇ ಪಂಕ್ಚರ್ ಅಂಗಡಿಯ ಥರ ಗಾಳಿ ಹೊಡೆಯುವುದಾಗಲಿ ಮಾಡಬಾರದು. 6 ಸೆಂಟಿಮೀಟರ್ ನೀರಿನ ಒತ್ತಡ ಅಳೆಯುವ ಸಾಧನ ಅದು. ಒಳಗಿನ ತೆಳು ತಗಡು ಒಮ್ಮೆ ಹಾಳಾದರೆ ಮುಗಿಯಿತು.

ನಡುಗದ ಮುಳ್ಳಿನ ಅಪಾಯ

ನಡುಗುವ ಮುಳ್ಳು ‘ನನಗೆ ಹುಷಾರಿಲ್ಲ’ ಎಂದು ತಾನೇ ಹೇಳುತ್ತಿದೆ. ಪೈಲಟ್ ಅದನ್ನು ನಂಬುವುದಿಲ್ಲ, ಕೆಳಗಿಳಿದ ಮೇಲೆ ದೂರು ಬರೆಯುತ್ತಾನೆ. ಸುಳ್ಳನ್ನು ಗಟ್ಟಿಯಾಗಿ, ಸ್ಥಿರವಾಗಿ ಹೇಳುವ ಮುಳ್ಳಿನ ವಿಷಯ ಬೇರೆ.

ಪಿಟೋ ಕೊಳವೆ ಪೂರ್ತಿ ಮುಚ್ಚಿಹೋದರೆ ಒಳಗಿನ ಗಾಳಿ ಸಿಕ್ಕಿಬೀಳುತ್ತದೆ. ಆಮೇಲೆ ವಿಮಾನ ಏರಿದಂತೆಲ್ಲ ವೇಗ ಹೆಚ್ಚುತ್ತಿದೆ ಎಂದು ಮುಳ್ಳು ತೋರಿಸುತ್ತದೆ. ನಿಜವಾದ ವೇಗ ಕುಸಿಯುತ್ತಿದ್ದರೂ ಸರಿ.

1996ರ ಫೆಬ್ರುವರಿ 6ರಂದು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ನಡೆದದ್ದು ಇದೇ. ಬಿರ್ಗೆನ್ ಏರ್ ಕಂಪನಿಯ ಬೋಯಿಂಗ್ 757 ವಿಮಾನ ಅದಕ್ಕೆ ಮೊದಲು ಕೆಲವು ದಿನ ನಿಂತಲ್ಲೇ ನಿಂತಿತ್ತು. ಪಿಟೋ ಕೊಳವೆಗಳಿಗೆ ಮುಚ್ಚಳ ಹಾಕಿರಲಿಲ್ಲ. ಮಣ್ಣಿನ ಗೂಡು ಕಟ್ಟುವ ಕಡಜ ಒಂದು ಕೊಳವೆಯನ್ನು ಮುಚ್ಚಿರಬೇಕು ಎಂಬುದು ತನಿಖೆಯ ಅಂದಾಜು. ಕಿಟಕಿಯ ಮೂಲೆಯಲ್ಲಿ, ಸ್ವಿಚ್ ಬೋರ್ಡ್ ತೂತಿನಲ್ಲಿ ಮಣ್ಣು ಮೆತ್ತುವ ಅಂಥ ಹುಳುಗಳನ್ನು ನಮ್ಮ ಮನೆಗಳಲ್ಲೂ ನೋಡಿದ್ದೇವೆ. ಕ್ಯಾಪ್ಟನ್ ಮುಂದಿನ ಮುಳ್ಳು ವೇಗ ಅತಿಯಾಗಿದೆ ಎಂದಿತು. ನಿಜದಲ್ಲಿ ವೇಗ ಸಾಲದಾಗಿತ್ತು. ಪಕ್ಕದ ಪೈಲಟ್‌ನ ಮೀಟರ್ ಸರಿಯಾದ ವೇಗ ತೋರಿಸುತ್ತಿದ್ದರೂ ಗೊಂದಲ ಬಗೆಹರಿಯಲಿಲ್ಲ. ವಿಮಾನದಲ್ಲಿದ್ದ 189 ಜನರೂ ಸತ್ತರು.

ಅದೇ ವರ್ಷದ ಅಕ್ಟೋಬರ್ 2ರಂದು ಪೆರು ದೇಶದ ಲಿಮಾದಿಂದ ಹೊರಟ ಏರೋಪೆರು ಕಂಪನಿಯ ಇನ್ನೊಂದು ಬೋಯಿಂಗ್ 757. ವಿಮಾನ ತೊಳೆಯುವಾಗ ಸ್ಟ್ಯಾಟಿಕ್ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ಕೀಳಲು ಮರೆತಿದ್ದರು. ನಡುರಾತ್ರಿ, ಕೆಳಗೆ ಸಮುದ್ರ, ಹೊರಗೆ ನೋಡಿದರೆ ಕತ್ತಲು. ಎತ್ತರದ ಮುಳ್ಳನ್ನು ನಂಬಲಾಗದ ಪೈಲಟ್‌ಗಳು ಕಂಟ್ರೋಲ್ ಕೇಂದ್ರವನ್ನು ಎತ್ತರ ಕೇಳಿದರು. ಕೇಂದ್ರದ ಪರದೆಯಲ್ಲಿ 9,700 ಅಡಿ ಎಂದಿತ್ತು, ಅದನ್ನೇ ಹೇಳಿದರು. ಆದರೆ ಆ ಪರದೆಗೆ ಎತ್ತರದ ಮಾಹಿತಿ ಕಳಿಸುತ್ತಿದ್ದುದು ಅದೇ ವಿಮಾನ, ಅದೇ ಕೆಟ್ಟ ಸ್ಟ್ಯಾಟಿಕ್ ರೀಡಿಂಗ್‌ನಿಂದ. ವಿಮಾನ ಆಗ ನೀರಿನ ಹತ್ತಿರಕ್ಕೆ ಬಂದಿತ್ತು. ಅದರಲ್ಲಿದ್ದ 70 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಎರಡು ಕಡೆಯಿಂದ ಒಂದೇ ಸಂಖ್ಯೆ ಬಂತು, ಆದರೂ ಅದು ಎರಡು ಸಾಕ್ಷಿಯಾಗಲಿಲ್ಲ. ಮೂಲ ಒಂದೇ ಆಗಿತ್ತು. ಒಂದೇ ಫಾರ್ವರ್ಡ್ ಹತ್ತು ಗ್ರೂಪ್‌ನಲ್ಲಿ ಬಂದರೆ ಹತ್ತು ಜನ ಖಚಿತಪಡಿಸಿದಂತೆ ಅಲ್ಲ ಎಂದು ನಾವು ಹೇಳುವುದೂ ಇದೇ ಕಾರಣಕ್ಕೆ.

ಪಿಟೋ ಕೊಳವೆಗೆ ಕೆಂಪು ರಿಬ್ಬನ್ ಇರುವ ಮುಚ್ಚಳ ಹಾಕಿರುವುದನ್ನು ಏರೋ ಇಂಡಿಯಾದಲ್ಲಿ ನೀವು ನೋಡಿರಬಹುದು. ಅಲಂಕಾರ ಎಂದುಕೊಂಡವರೂ ಇದ್ದಾರೆ. ಹುಳು, ಧೂಳು, ಮಳೆ ಒಳಗೆ ಹೋಗದಿರಲಿ ಎಂದು ಆ ಮುಚ್ಚಳ. ಹಾರುವ ಮುನ್ನ ತೆಗೆಯಲು ಮರೆಯದಿರಲಿ ಎಂದು ಆ ರಿಬ್ಬನ್.

ಜೈರೋ ಮತ್ತು ದಿಕ್ಸೂಚಿ

ಗಾಳಿ ಎಳೆಯುವ ಪಂಪ್ ಸೋತರೆ ಜೈರೋ ಚಕ್ರ ನಿಧಾನವಾಗುತ್ತದೆ. ಆಗ ವಿಮಾನದ ವಾಲು ತೋರಿಸುವ ಚಿತ್ರ ಮೆಲ್ಲಗೆ ಒಂದು ಪಕ್ಕಕ್ಕೆ ಬಾಗುತ್ತದೆ. ನಡುಕ ಇರುವುದಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದೂ ತಡ. ಮೋಡದೊಳಗೆ ಇದು ಬಲು ಅಪಾಯ. ಪಂಪ್‌ನ ಒತ್ತಡ ತೋರಿಸಲು ಬೇರೆಯೇ ಒಂದು ಪುಟ್ಟ ಮೀಟರ್ ಇರುವುದು ಇದಕ್ಕೇ. ಕೆಟ್ಟ ಮೀಟರ್ ಕಣ್ಣು ತಪ್ಪಿಸದಿರಲಿ ಎಂದು ಅದರ ಮೇಲೆ ಕಾಗದ ಅಂಟಿಸಿ ಮುಚ್ಚುವ ಪೈಲಟ್‌ಗಳಿದ್ದಾರೆ.

ದಿಕ್ಸೂಚಿ ತಿರುವಿನಲ್ಲಿ ತೂಗಾಡುವುದು ಸಹಜ. ಭೂಮಿಯ ಕಾಂತರೇಖೆಗಳು ಧ್ರುವಗಳ ಕಡೆ ಹೆಚ್ಚು ವಾಲಿರುತ್ತವೆ, ತಿರುವಿನ ಈ ದೋಷವೂ ಅಲ್ಲಿ ಹೆಚ್ಚು. ಭೂಕಾಂತದ ಸಮಭಾಜಕ ಹಾದುಹೋಗುವುದು ಭಾರತದ ದಕ್ಷಿಣ ತುದಿಯ ಹತ್ತಿರ. ಕೇರಳದ ತುಂಬಾದಲ್ಲಿ ರಾಕೆಟ್ ಉಡಾವಣಾ ಕೇಂದ್ರ ಮಾಡಿದ್ದಕ್ಕೂ ಅದೇ ಕಾರಣ. ಹಾಗಾಗಿ ಬೆಂಗಳೂರಿನ ಆಕಾಶದಲ್ಲಿ ಈ ದೋಷ ಯುರೋಪಿಗಿಂತ ಬಹಳ ಕಡಿಮೆ. ನೇರವಾಗಿ ಹಾರುವಾಗಲೂ ದಿಕ್ಸೂಚಿ ತಪ್ಪು ತೋರಿಸಿದರೆ, ಹತ್ತಿರದಲ್ಲಿ ಕಬ್ಬಿಣವೋ ಅಯಸ್ಕಾಂತವೋ ಇದೆಯೇ ಎಂದು ನೋಡಬೇಕು.

ಹಾಗಾದರೆ ಮೊಬೈಲ್?

ನಾವು ಇಲ್ಲಿ ಮೂರು ವಿಷಯಗಳನ್ನು ಬೇರೆ ಬೇರೆ ಇಟ್ಟು ನೋಡುತ್ತೇವೆ.

ಒಂದು, ಫೋನಿನ ಸ್ಪೀಕರ್‌ನಲ್ಲಿ ಅಯಸ್ಕಾಂತ ಇದೆ. ಸಣ್ಣ ವಿಮಾನದಲ್ಲಿ ಫೋನನ್ನು ದಿಕ್ಸೂಚಿಯ ಪಕ್ಕದಲ್ಲೇ ಇಟ್ಟರೆ ದಿಕ್ಕು ತಪ್ಪುತ್ತದೆ. ಇದು ನಿಜ. ಫೋನ್ ಸ್ವಿಚ್ ಆಫ್ ಆಗಿದ್ದರೂ ನಿಜ! ಫ್ಲೈಟ್ ಮೋಡ್ ಅಯಸ್ಕಾಂತವನ್ನು ಆಫ್ ಮಾಡುವುದಿಲ್ಲ. ಹೆಡ್‌ಫೋನ್ ಇಟ್ಟರೂ ಇದೇ ಕಥೆ.

ಎರಡು, ಫೋನ್ ಟವರ್ ಹುಡುಕುವಾಗ ಹೆಡ್‌ಫೋನ್‌ನಲ್ಲಿ ‘ಟರ್‌ಟರ್‌ಟರ್’ ಎಂಬ ಸದ್ದು ಬರಬಹುದು. 2ಜಿ ಫೋನನ್ನು ಟಿವಿ ಅಥವಾ ಸ್ಪೀಕರ್ ಬಳಿ ಇಟ್ಟವರಿಗೆ ಇದು ಗೊತ್ತು. ಇಳಿಯುವ ಹೊತ್ತಿನಲ್ಲಿ ಟವರ್‌ನ ಮಾತು ಸರಿಯಾಗಿ ಕೇಳಿಸದಿದ್ದರೆ ಅದು ತೊಂದರೆಯೇ.

ಮೂರು, ಫೋನಿನಿಂದ ಮೀಟರ್ ತಪ್ಪಿ ವಿಮಾನ ಬೀಳುತ್ತದೆಯೇ? ತನಿಖೆಯಲ್ಲಿ ಈ ಮಾತು ಬಂದ ಪ್ರಕರಣ ಇದೆ. 2003ರ ಜೂನ್ 6ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಬಳಿ ಪೈಪರ್ ಕಂಪನಿಯ ಸಣ್ಣ ವಿಮಾನವೊಂದು ಇಳಿಯುವ ಮುನ್ನ ನೆಲಕ್ಕೆ ಬಡಿದು, ಅದರಲ್ಲಿದ್ದ 10 ಜನರಲ್ಲಿ 8 ಮಂದಿ ಸತ್ತರು. ಆ ಹೊತ್ತಿಗೆ ಪೈಲಟ್‌ನ ಫೋನ್ ಕರೆಯಲ್ಲಿತ್ತು. ಇಳಿಯುವ ದಾರಿ ತೋರಿಸುವ ಸಾಧನದ ಮೇಲೆ ಅದು ಪರಿಣಾಮ ಬೀರಿರಬಹುದು ಎಂದು ತನಿಖಾ ವರದಿ ಹೇಳಿತು. ‘ಬೀರಿರಬಹುದು’ ಎಂದಷ್ಟೇ. ‘ಬೀರಿತು’ ಎಂದು ಸಾಬೀತಾಗಲಿಲ್ಲ.

ವಿಮಾನದಲ್ಲಿ ಮೊಬೈಲ್ ಕರೆಗೆ ಅಮೆರಿಕದ ಸಂಪರ್ಕ ಆಯೋಗ 1991ರಲ್ಲಿ ನಿಷೇಧ ಹಾಕಿದ್ದು ಮುಖ್ಯವಾಗಿ ನೆಲದ ಮೇಲಿನ ಮೊಬೈಲ್ ಜಾಲ ಕೆಡದಿರಲಿ ಎಂದು. ಮೇಲೆ ಹಾರುವ ಫೋನಿಗೆ ಒಂದೇ ಸಲ ಹತ್ತಾರು ಟವರ್‌ಗಳು ಕಾಣುತ್ತವೆ. ವಿಮಾನದ ಸುರಕ್ಷತೆಯ ಮುನ್ನೆಚ್ಚರಿಕೆಯೂ ಇದರ ಜೊತೆ ಸೇರಿಕೊಂಡಿದೆ.

ಆದ್ದರಿಂದ ನಮ್ಮ ತೀರ್ಮಾನ: ‘ನಡುಗುವ ಮುಳ್ಳಿಗೆ ಯಾರದೋ ಫೋನ್ ಕಾರಣ’ ಎಂಬ ಬರಹ, ಬೇರೆ ಪುರಾವೆ ಇಲ್ಲದಿದ್ದರೆ, ಬರೀ ಊಹೆ. ‘ಫೋನಿನಿಂದ ಏನೂ ಆಗುವುದಿಲ್ಲ, ಫ್ಲೈಟ್ ಮೋಡ್ ಬರೀ ನಾಟಕ’ ಎಂಬುದೂ ತಪ್ಪು. ಸಿಬ್ಬಂದಿ ಹೇಳಿದಾಗ ಫ್ಲೈಟ್ ಮೋಡ್‌ಗೆ ಹಾಕಿ.

ಆಕಾಶದಲ್ಲಿ ಮುಳ್ಳು ಕೆಟ್ಟರೆ ಪೈಲಟ್ ಏನು ಮಾಡುತ್ತಾರೆ?

ಕಲಿಯುವವರಿಗೆ ಮೊದಲ ದಿನಗಳಲ್ಲೇ ಹೇಳಿಕೊಡುವ ಕ್ರಮ ಇದು: ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ಹೊರಗಿನ ದಿಗಂತ ಕಾಣುತ್ತಿದ್ದರೆ ಅದನ್ನು ನೋಡಿ ವಿಮಾನ ಸಮವಾಗಿಡಬೇಕು. ವಿಮಾನದ ಮೂಗು ಇಂಥ ಮಟ್ಟದಲ್ಲಿದ್ದು ಎಂಜಿನ್ ಇಷ್ಟು ಶಕ್ತಿಯಲ್ಲಿದ್ದರೆ ವೇಗ ಇಷ್ಟಿರುತ್ತದೆ ಎಂಬುದು ಪೈಲಟ್‌ಗೆ ಗೊತ್ತಿರುತ್ತದೆ. ವೇಗದ ಮುಳ್ಳು ಕೈಕೊಟ್ಟರೆ ಈ ಜ್ಞಾನವೇ ಆಸರೆ.

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2009ರ ಜೂನ್ 1ರ ಏರ್ ಫ್ರಾನ್ಸ್ 447 ದುರಂತ ಸಾಕ್ಷಿ. ಪಿಟೋ ಕೊಳವೆಗಳಲ್ಲಿ ಹಿಮದ ಹರಳು ಸೇರಿ ವೇಗದ ರೀಡಿಂಗ್ ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಕೆಟ್ಟಿತು, ಆಮೇಲೆ ಸರಿಯಾಯಿತು. ಆದರೆ ಗೊಂದಲದಲ್ಲಿ ಪೈಲಟ್ ಮೂಗು ಎತ್ತಿದ್ದರು. ವಿಮಾನ ಮತ್ತೆ ಹತೋಟಿಗೆ ಬರಲೇ ಇಲ್ಲ. 228 ಜನ ಅಟ್ಲಾಂಟಿಕ್ ಸಮುದ್ರದ ಪಾಲಾದರು.

ಎರಡನೆಯದು ಒಂದು ಮುಳ್ಳನ್ನು ಇನ್ನೊಂದರ ಜೊತೆ ಹೋಲಿಸುವುದು. ಆಯಿಲ್ ಒತ್ತಡ ಕುಸಿದಿದೆ, ಆಯಿಲ್ ತಾಪಮಾನವೂ ಏರುತ್ತಿದೆ ಎಂದರೆ ಎಂಜಿನ್‌ಗೇ ತೊಂದರೆ. ಒತ್ತಡ ಸೊನ್ನೆ ತೋರಿಸಿದರೂ ತಾಪಮಾನ ಮಾಮೂಲಿಯಾಗಿ ಉಳಿದರೆ ಸೆನ್ಸರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೂ ಹತ್ತಿರದ ರನ್‌ವೇ ಕಡೆ ತಿರುಗುವುದು ಜಾಣತನ. ಇಲ್ಲಿ ಜಿಪಿಎಸ್ ನೋಡುವುದೂ ಒಳ್ಳೆಯದು, ಏಕೆಂದರೆ ಅದರ ಮೂಲ ಬೇರೆ. ಆದರೆ ಅದು ತೋರಿಸುವುದು ನೆಲದ ಮೇಲಿನ ವೇಗ. ವಿಮಾನವನ್ನು ಎತ್ತಿಹಿಡಿಯುವುದು ಗಾಳಿಯಲ್ಲಿನ ವೇಗ. ಎದುರು ಗಾಳಿ ಇದ್ದಾಗ ಎರಡೂ ಒಂದೇ ಅಲ್ಲ ಎಂಬುದನ್ನು ಮರೆಯುವಂತಿಲ್ಲ.

ಇಳಿದ ಮೇಲೆ ದೋಷವನ್ನು ಬರೆದಿಡಬೇಕು. ಈ ವೃತ್ತಿಯಲ್ಲಿ ಅದಕ್ಕೆ ‘ಸ್ನ್ಯಾಗ್’ ಎನ್ನುತ್ತಾರೆ. ‘ಮೀಟರ್ ಸರಿ ಇಲ್ಲ’ ಎಂದಷ್ಟೇ ಬರೆದರೆ ಎಂಜಿನಿಯರ್‌ಗೆ ಏನೂ ತಿಳಿಯದು. ‘ಲ್ಯಾಂಡಿಂಗ್ ಲೈಟ್ ಹಾಕಿದಾಗ ಆಯಿಲ್ ಒತ್ತಡ, ಆಯಿಲ್ ತಾಪಮಾನ ಎರಡೂ ಒಟ್ಟಿಗೆ ನಡುಗಿದವು, ಲೈಟ್ ಆರಿಸಿದಾಗ ನಿಂತವು’ ಎಂದು ಬರೆದರೆ ಆತ ನೇರವಾಗಿ ಅರ್ತ್ ವೈರ್ ಹತ್ತಿರ ಹೋಗುತ್ತಾನೆ. ದುರಸ್ತಿ ಮಾಡಿ ಸಹಿ ಹಾಕುವ ಅಧಿಕಾರ ಡಿಜಿಸಿಎ ಲೈಸೆನ್ಸ್ ಇರುವ ಎಂಜಿನಿಯರ್‌ಗೆ ಮಾತ್ರ. ಈ ಲೇಖನ ಓದಿ ಯಾರೂ ವಿಮಾನದ ವೈರ್‌ಗೆ ಕೈ ಹಾಕಬಾರದು.

ಫಾರ್ವರ್ಡ್ ಮಾಡುವ ಮುನ್ನ

ಮುಳ್ಳು ನಡುಗುವ ವಿಡಿಯೊ ನಿಮಗೂ ಬಂದರೆ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

• ಎಷ್ಟು ಮುಳ್ಳು ನಡುಗುತ್ತಿವೆ? ಒಂದೇ ಆದರೆ ಸೆನ್ಸರ್, ವೈರ್ ಅಥವಾ ಮೀಟರ್. ಹಲವಾದರೆ ಅರ್ತ್ ಅಥವಾ ಕರೆಂಟ್ ಮೂಲ.
• ವಿಮಾನವೇ ಕುಲುಕುತ್ತಿದೆಯೇ? ಹಾಗಿದ್ದರೆ ಮುಳ್ಳು ಅಲುಗುವುದು ಸಹಜ.
• ವಿಡಿಯೊ ಎಲ್ಲಿಯದು, ಯಾವಾಗಿನದು ಎಂಬ ವಿವರ ಇದೆಯೇ?
• ಕಾರಣ ಹೇಳಿದವರು ಯಾರು? ತನಿಖಾ ವರದಿಯೋ, ಅಥವಾ ಇನ್ನೊಂದು ಫಾರ್ವರ್ಡೋ?

ಕೊನೆಯ ಪ್ರಶ್ನೆಗೆ ಉತ್ತರ ‘ಇನ್ನೊಂದು ಫಾರ್ವರ್ಡ್’ ಎಂದಾದರೆ, ಅದನ್ನು ಎರಡನೆಯ ಸಾಕ್ಷಿ ಎಂದು ಎಣಿಸಬೇಡಿ.